ಸಹಾಯ ಬೇಕು: ಬೀಜಗಣಿತದಲ್ಲಿ ಎಕ್ಸ್ ಅಂದರೆ ಒಂದೇ ಸಂಖ್ಯೆಯಾ, ಯಾವುದು ಬೇಕಾದರೂ ಆಗಬಹುದಾ?

ಎಲ್ಲರಿಗೂ ನಮಸ್ಕಾರ. ಶಾಲೆ ಬಿಟ್ಟು ಎಷ್ಟೋ ವರ್ಷದ ಮೇಲೆ ಮತ್ತೆ ಗಣಿತ ಕಲಿಯುತ್ತಿದ್ದೇನೆ. ಕೂಡುವುದು, ಕಳೆಯುವುದು, ಭಿನ್ನರಾಶಿ ಎಲ್ಲ ಬರುತ್ತದೆ. ಲೆಕ್ಕದಲ್ಲಿ ಅಕ್ಷರ ಕಂಡರೆ ಮಾತ್ರ ಎದೆ ಡವಡವ ಅನ್ನುತ್ತದೆ.

3ಎಕ್ಸ್ + 5 = 20 ಇದ್ದರೆ ಬಿಡಿಸುತ್ತೇನೆ. ಎರಡೂ ಕಡೆ 5 ಕಳೆದು, 3ರಿಂದ ಭಾಗಿಸಿದರೆ ಎಕ್ಸ್ ಅಂದರೆ 5. ಅಕ್ಷರದ ಜಾಗದಲ್ಲಿ ಖಾಲಿ ಚೌಕ ಬರೆದುಕೊಂಡ ಮೇಲೆ ಇಷ್ಟು ಧೈರ್ಯ ಬಂತು.

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. 2ಎಕ್ಸ್ + 3ಎಕ್ಸ್ = 5ಎಕ್ಸ್ ಅನ್ನುತ್ತಾರೆ. ಇದರಲ್ಲಿ 1, 4, 10 ಏನು ಹಾಕಿದರೂ ಎರಡೂ ಕಡೆ ಸಮ ಬರುತ್ತದೆ. ಹಾಗಾದರೆ ಕಂಡುಹಿಡಿಯುವುದು ಏನನ್ನು? 2ಎಕ್ಸ್ + 3 ಅನ್ನೂ ನಾನು 5ಎಕ್ಸ್ ಅಂತಲೇ ಬರೆದೆ. 1 ಹಾಕಿ ನೋಡಿದೆ, ಎರಡೂ 5 ಬಂತು, ಖುಷಿಯಾಯಿತು. 2 ಹಾಕಿದರೆ ಒಂದು ಕಡೆ 7, ಇನ್ನೊಂದು ಕಡೆ 10! ಪುಟ ಮೂರು ಸಲ ಓದಿದೆ, ವಿಡಿಯೋ ನೋಡಿದೆ. ಎಲ್ಲರೂ ನಿಯಮ ಹೇಳಿ ಮುಂದೆ ಹೋಗಿಬಿಡುತ್ತಾರೆ.

ಲೆಕ್ಕ ನೋಡಿದ ತಕ್ಷಣ, ಅಲ್ಲಿನ ಅಕ್ಷರ ನಾವು ಹುಡುಕಬೇಕಾದ ಒಂದು ಸಂಖ್ಯೆಯೋ, ಯಾವ ಸಂಖ್ಯೆಗೂ ಹೊಂದುವಂಥದ್ದೋ ಅಂತ ನೀವು ಹೇಗೆ ಗುರುತಿಸುತ್ತೀರಿ? ಒಂದು ಸಣ್ಣ ಉದಾಹರಣೆ ಕೊಟ್ಟು ಹೇಳುತ್ತೀರಾ?