ಒಂದೇ ಬಗೆಯ ಯುಎಸ್‌ಬಿ ಕೇಬಲ್‌ಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ, ತಿಪಟೂರಿನಿಂದ:
ಕೊಬ್ಬರಿ ಮಂಡಿಯೊಂದರಲ್ಲಿ ನಾಲ್ಕು ತೂಕದ ಯಂತ್ರಗಳನ್ನು ಸಿಎಚ್340 ಚಿಪ್ಪಿನ ಕೇಬಲ್‌ಗಳ (ಯಂತ್ರದ ಸೀರಿಯಲ್ ತಂತಿಯನ್ನು ಯುಎಸ್‌ಬಿಗೆ ಬದಲಿಸುವಂಥವು) ಮೂಲಕ ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸಿದ್ದೇನೆ. ಕರೆಂಟ್ ಹೋಗಿ ಬಂದ ಮೇಲೆ ಲಿನಕ್ಸ್ ಟಿಟಿವೈಯುಎಸ್‌ಬಿ0 ಎಂದು ಹೆಸರಿಟ್ಟಿದ್ದ ಯಂತ್ರ ಕೆಲವೊಮ್ಮೆ ಟಿಟಿವೈಯುಎಸ್‌ಬಿ2 ಆಗಿರುತ್ತದೆ. ಒಬ್ಬ ರೈತರ ತೂಕ ಇನ್ನೊಬ್ಬರ ಚೀಟಿಯಲ್ಲಿ ಅಚ್ಚಾಗುತ್ತದೆ. ನಾಲ್ಕೂ ಕೇಬಲ್‌ಗಳ ಐಡಿ ಒಂದೇ, 1ಎ86:7523. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಹಾಸನದಿಂದ:
ನಮ್ಮದು ಹಾಲು ಶೀತಲೀಕರಣ ಕೇಂದ್ರ. ನಮ್ಮ ತಾಪಮಾನ ಮಾಪಕಗಳಿಗೂ ಇದೇ ಕೇಬಲ್. ಇವುಗಳಲ್ಲಿ ಸೀರಿಯಲ್ ನಂಬರ್ ಇರದ ಕಾರಣ ಲಿನಕ್ಸಿನ ಬೈ-ಐಡಿ ಫೋಲ್ಡರಿನಲ್ಲಿ (ಸಾಧನದ ಗುರುತಿನಿಂದ ಹೆಸರು ಕಟ್ಟುವ ಜಾಗ) ಎಲ್ಲಕ್ಕೂ ಒಂದೇ ಹೆಸರು ಹುಟ್ಟಿ, ಕೊನೆಗೆ ಒಂದು ಮಾತ್ರ ಉಳಿಯುತ್ತದೆ. ಅದನ್ನು ನಂಬಿ ನಾನು ಆರು ದಿನ ಕಳೆದುಕೊಂಡೆ. ಆಮೇಲೆ ಕೇಬಲನ್ನು ಬಿಟ್ಟು ಪೋರ್ಟನ್ನೇ ಹಿಡಿದೆ: 1-1.2ರಲ್ಲಿ ಇರುವುದು ಟ್ಯಾಂಕ್ 1, 1-1.3ರಲ್ಲಿ ಇರುವುದು ಟ್ಯಾಂಕ್ 2 ಎಂದು ಯುಡೆವ್ ರೂಲ್ (ಸಾಧನಕ್ಕೆ ಕಾಯಂ ಹೆಸರು ಕೊಡುವ ಲಿನಕ್ಸ್ ನಿಯಮ) ಬರೆದೆ. ತೊಂದರೆ ಬಂದದ್ದು ಒಂದು ಪೋರ್ಟನ್ನು ಹಲವಾಗಿಸುವ ಹಬ್‌ನಿಂದ. ಏಳು ಪೋರ್ಟಿನ ಹಬ್ ಎಂದು ಕೊಂಡದ್ದರೊಳಗೆ ನಾಲ್ಕು ಪೋರ್ಟಿನ ಎರಡು ಹಬ್‌ಗಳು ಒಂದರ ಹಿಂದೆ ಒಂದು ಇದ್ದವು. ಅದು ಸಿಡಿಲಿಗೆ ಸುಟ್ಟು ಬೇರೆ ಹಬ್ ಹಾಕಿದಾಗ ಪೋರ್ಟಿನ ನಂಬರ್‌ಗಳೆಲ್ಲ ಬದಲಾದವು. ಮೂರು ಸಲ ಓಡಾಡಿದ್ದಕ್ಕೆ ಡೀಸೆಲ್ಲಿಗೇ 4,800 ರೂಪಾಯಿ ಹೋಯಿತು. ಈಗ ಹಬ್ ತೆಗೆದು ನೇರವಾಗಿ ಪೈಗೇ ಚುಚ್ಚಿ, ಪೋರ್ಟಿಗೂ ಕೇಬಲ್ಲಿಗೂ ಒಂದೇ ಬಣ್ಣ ಬಳಿದಿದ್ದೇನೆ. ಮೂರು ವರ್ಷಗಳಿಂದ ಒಂದು ದೂರೂ ಬಂದಿಲ್ಲ.

ಹುಬ್ಬಳ್ಳಿಯಿಂದ:
ಪೋರ್ಟನ್ನು ನಂಬಿ ನಾನು ಕೈ ಸುಟ್ಟುಕೊಂಡಿದ್ದೇನೆ. ಬ್ಯಾಡಗಿ ಮೆಣಸಿನಕಾಯಿ ಇಡುವ ಶೈತ್ಯಾಗಾರದಲ್ಲಿ ಯಾರೋ ಧೂಳು ಒರೆಸುವಾಗ ಎರಡು ಕೇಬಲ್ ಕಿತ್ತು ಅದಲು ಬದಲಾಗಿ ಚುಚ್ಚಿದರು. ಹನ್ನೊಂದು ದಿನ 2ನೇ ಕೋಣೆಯ ತಾಪಮಾನ 3ನೇ ಕೋಣೆಯ ಹೆಸರಿನಲ್ಲಿ ದಾಖಲಾಯಿತು. ಬಣ್ಣ ಕೆಟ್ಟ ಚೀಲಗಳ ಲೆಕ್ಕದಲ್ಲಿ ನನ್ನ ಬಿಲ್ಲಿನಿಂದ 62,000 ರೂಪಾಯಿ ಹಿಡಿದರು. ಆಮೇಲೆ ಸೀರಿಯಲ್ ನಂಬರ್ ಬರೆಯಬಹುದಾದ ಸಿಪಿ2102 ಚಿಪ್ಪಿನ ಕೇಬಲ್‌ಗಳನ್ನು ತಂದೆ. ನಾಲ್ಕಕ್ಕೂ ಸೀರಿಯಲ್ ನಂಬರ್ 0001 ಎಂದೇ ಇತ್ತು. ಒಂದೊಂದನ್ನೇ ಲ್ಯಾಪ್‌ಟಾಪಿಗೆ ಹಾಕಿ, ಚಿಪ್ಪಿನ ನೆನಪಿನಲ್ಲಿ 0101ರಿಂದ 0104ರವರೆಗೆ ಬರೆದು, ಆ ನಂಬರಿಗೇ ರೂಲ್ ಕಟ್ಟಿದೆ. ಈಗ ಯಾರು ಎಲ್ಲಿ ಚುಚ್ಚಿದರೂ ನನಗೆ ಚಿಂತೆಯಿಲ್ಲ. ಬಣ್ಣ ಬಳಿಯುವುದನ್ನು ಪರಿಹಾರ ಎಂದು ಹೊಸಬರಿಗೆ ಹೇಳಬೇಡಿ.

ಹಾಸನದಿಂದ:
ಸ್ವಾಮಿ, ರಾತ್ರಿ ಎರಡು ಗಂಟೆಗೆ ನಿಮ್ಮ 0103 ಕೇಬಲ್ಲನ್ನು ಇಲಿ ಕಡಿದರೆ ಹೊಸದಕ್ಕೆ ನಂಬರ್ ಬರೆಯುವವರು ಯಾರು? ನಮ್ಮಲ್ಲಿ ಕಾವಲುಗಾರರೇ 150 ರೂಪಾಯಿಯ ಕೇಬಲ್ ಬದಲಿಸಿ ಮಲಗುತ್ತಾರೆ.

ಹುಬ್ಬಳ್ಳಿಯಿಂದ:
ನಂಬರ್ ಬರೆದ ಎರಡು ಕೇಬಲ್‌ಗಳನ್ನು ಪೆಟ್ಟಿಗೆಯಲ್ಲೇ ಇಟ್ಟಿರುತ್ತೇನೆ. ತಪ್ಪು ಪೋರ್ಟಿಗೆ ಚುಚ್ಚಿದರೆ ನಿಮ್ಮ ಯಂತ್ರ ತಪ್ಪು ಲೆಕ್ಕವನ್ನೇ ಸರಿಯೆಂದು ಬರೆಯುತ್ತದೆ; ನನ್ನದಕ್ಕೆ ಪೋರ್ಟ್ ಯಾವುದಾದರೂ ಸರಿ, ನಂಬರ್ ಬರೆಯದ ಕೇಬಲ್ ಚುಚ್ಚಿದರೆ ಮಾತ್ರ ಸಾಧನ ಸಿಗಲಿಲ್ಲ ಎಂದು ನಿಲ್ಲುತ್ತದೆ. 62,000 ಕಳೆದುಕೊಂಡವನಿಗೆ ಮಾತ್ರ ಈ ವ್ಯತ್ಯಾಸ ಅರ್ಥವಾಗುತ್ತದೆ.

ಮಂಗಳೂರಿನಿಂದ:
ನೀವಿಬ್ಬರೂ ಜಗಳವಾಡುತ್ತಿರುವುದು ಕೇಬಲಿನ ಗುರುತಿಗೆ. ಕೇಬಲಿನ ಆಚೆ ತುದಿಯಲ್ಲಿ ಯಾವ ಮೀಟರ್ ಇದೆ ಎಂಬುದು ಎರಡು ವಿಧಾನಗಳಿಗೂ ಗೊತ್ತಾಗುವುದಿಲ್ಲ. ನಾನು ಎಂಟು ಮೀಟರ್‌ಗಳನ್ನು ಹಲವು ಸಾಧನಗಳು ಹಂಚಿಕೊಳ್ಳಬಹುದಾದ ಆರ್‌ಎಸ್485 ತಂತಿಯೊಂದರಲ್ಲೇ ಪೋಣಿಸಿ, ಮಾಡ್‌ಬಸ್ ವಿಳಾಸದಿಂದ (ಪ್ರತಿ ಮೀಟರಿಗೂ ಕೊಟ್ಟ ಬೇರೆ ಬೇರೆ ನಂಬರ್) ಕೇಳುತ್ತೇನೆ. ಯುಎಸ್‌ಬಿ ಕೇಬಲ್ ಒಂದೇ ಸಾಕು. ಒಮ್ಮೆ ಕೆಟ್ಟ ಮೀಟರನ್ನು ಬದಲಿಸಿದಾಗ ಹೊಸದು ಕಾರ್ಖಾನೆಯ ವಿಳಾಸ 1ನ್ನೇ ಹೊತ್ತು ಬಂದು, ಎರಡು ಮೀಟರ್ ಒಟ್ಟಿಗೆ ಉತ್ತರಿಸಿ, ಎರಡು ದಿನ ಸಿಆರ್‌ಸಿ ದೋಷದಲ್ಲೇ (ಬಂದ ಮಾಹಿತಿ ಕೆಟ್ಟಿದೆ ಎಂಬ ಸೂಚನೆ) ಕಳೆದವು.

ಹುಬ್ಬಳ್ಳಿಯಿಂದ:
ಹಾಗಾದರೆ ನಿಮ್ಮಲ್ಲೂ ಬದಲಿ ಸಾಧನಕ್ಕೆ ಮೊದಲೇ ನಂಬರ್ ಬರೆದಿಡಬೇಕು ಎಂದಾಯಿತು. ಇನ್ನು ತಿಪಟೂರಿನವರ ಯಂತ್ರಗಳು ಆರ್‌ಎಸ್232ರಲ್ಲಿ (ತಂತಿಗೆ ಒಂದೇ ಸಾಧನ) ಕೇಳದೆಯೇ ತೂಕ ಕಳಿಸುತ್ತಿರುವಂಥವಾದರೆ, ವಿಳಾಸ ಎಲ್ಲಿಂದ ಬರಬೇಕು?

ತಿಪಟೂರಿನಿಂದ:
ಹೌದು ಸರ್, ಅವು ಕೇಳದೆಯೇ ಕಳಿಸುವ ಯಂತ್ರಗಳೇ. ಪೈನ ನಾಲ್ಕು ಪೋರ್ಟ್‌ಗಳೂ ಭರ್ತಿಯಾಗಿವೆ, ಹಬ್ ಇಲ್ಲ. ನಾಳೆ ಸಂತೆ ಇರುವುದರಿಂದ ಈ ರಾತ್ರಿ ಪೋರ್ಟಿನ ರೂಲ್ ಹಾಕುತ್ತೇನೆ. ಸಿಪಿ2102 ಕೇಬಲ್‌ಗಳಿಗೂ ಹೇಳಿದ್ದೇನೆ.

ಹಾಸನದಿಂದ:
ಬಣ್ಣ ಒಣಗಿದ ಮೇಲೆ ಚುಚ್ಚಿ.