ಹಡಗಿಗೂ ಹಬ್ಬಕ್ಕೂ ನಡುವೆ ಒಂದು ಬಸ್ಸು

ಭಾನುವಾರ ವಾಕಿಂಗ್ ಮುಗಿಸಿ ದರ್ಶಿನಿಗೆ ಬಂದರೆ ಬ್ಯಾಂಕು ಆಗಲೇ ಸ್ಟೀಲ್ ಮೇಜಿನ ಮೇಲೆ ಒಂದು ಬಣ್ಣದ ಕಾಗದ ಹರಡಿಕೊಂಡು ನಿಂತಿದ್ದ. ರಿಟೈರ್ ಆಗಿ ಮೂರು ವರ್ಷವಾಯಿತು, ಆದರೂ ನಮಗೆಲ್ಲ ಅವನು ಬ್ಯಾಂಕೇ. ಪಕ್ಕದಲ್ಲಿ ಅವನ ಹೆಂಡತಿ, ಅಂದರೆ ನಮ್ಮೆಲ್ಲರ ಅತ್ತಿಗೆ. ಎದುರಿಗೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದ ಮೇಷ್ಟ್ರು.

“ನೋಡ್ರಪ್ಪ, ಎಂಟು ದಿನ ಡ್ಯಾನ್ಯೂಬ್ ನದಿ ಮೇಲೆ ಹಡಗು. ಊಟ, ನಿದ್ದೆ ಎಲ್ಲ ಅದರಲ್ಲೇ. ನಡುವೆ ಜರ್ಮನಿಯ ಮ್ಯೂನಿಕ್‌ನ ಬಿಯರ್ ಹಬ್ಬ, ಅಕ್ಟೋಬರ್‌ಫೆಸ್ಟ್. ಹಡಗು ಇಳಿದರೆ ಬಿಯರು, ಬಿಯರು ಮುಗಿದರೆ ಹಡಗು!”

“ಮ್ಯೂನಿಕ್‌ಗೆ ಹಡಗು ಹೇಗೆ ಬರುತ್ತೆ?” ಅಂದೆ.

“ಯಾಕೆ, ಅಲ್ಲಿ ನದಿ ಇಲ್ವಾ?”

“ಇದೆ. ಡ್ಯಾನ್ಯೂಬ್ ಅಲ್ಲ, ಈಸಾರ್. ಬೇಸಿಗೆಯಲ್ಲಿ ಜನ ಪ್ಯಾಂಟ್ ಮಡಚಿಕೊಂಡು ಅದರೊಳಗೆ ಓಡಾಡುತ್ತಾರೆ. ನಿನ್ನ ಹಡಗಿನ ಉದ್ದ 135 ಮೀಟರ್. ಅದನ್ನ ಅಲ್ಲಿ ತಳ್ಳಿಕೊಂಡು ಹೋಗಬೇಕು.”

ನನಗೂ ಇದು ಗೊತ್ತಾಗಿದ್ದು ದುಡ್ಡು ಕಟ್ಟಿದ ಮೇಲೇ. ಈ ಯಾತ್ರೆ ನಾನು ಮಾಡಿ ಬಂದವನು. ಕಂಪನಿಯ ಹೆಸರು ಬೇಡ ಬಿಡಿ. ಅವರ ಕಾಗದದಲ್ಲಿ ಹಡಗಿನ ಚಿತ್ರಕ್ಕೆ ಬಿಯರ್ ಮಗ್ಗಿನ ಚಿತ್ರ ಅಂಟಿಕೊಂಡೇ ಇತ್ತು. ನಿಜದಲ್ಲಿ ಅವೆರಡರ ನಡುವೆ ಕಡಿಮೆ ಅಂದರೂ ನೂರಿಪ್ಪತ್ತು ಕಿಲೋಮೀಟರ್ ಹೆದ್ದಾರಿ. ಹಡಗು ರೇಗನ್ಸ್‌ಬರ್ಗ್‌ನಲ್ಲಿ ನಿಲ್ಲುತ್ತೆ, ಇಲ್ಲವೇ ಇನ್ನೂ ಮುಂದೆ ಪಸ್ಸೌನಲ್ಲಿ. ಅಲ್ಲಿಂದ ಬಸ್ಸು.

“ಹಡಗಾದರೂ ಚೆನ್ನಾಗಿತ್ತಾ?” ಅಂದರು ಅತ್ತಿಗೆ.

ಹಡಗಿನ ಮಾತು ಬೇರೆ. ನ್ಯೂರೆಂಬರ್ಗ್‌ನಲ್ಲಿ ಹತ್ತಿದೆವು. ಅಲ್ಲಿಂದ ಮೈನ್-ಡ್ಯಾನ್ಯೂಬ್ ಕಾಲುವೆ. ನೀರು ಬೆಟ್ಟ ಹತ್ತುತ್ತೆ ಅಂದರೆ ನಂಬುತ್ತೀರಾ? ಹಡಗನ್ನು ಕಾಂಕ್ರೀಟಿನ ತೊಟ್ಟಿಯೊಳಗೆ ಬಿಟ್ಟು, ಗೇಟು ಹಾಕಿ, ನೀರು ತುಂಬಿಸಿ ಮೇಲಕ್ಕೆ ಎತ್ತುತ್ತಾರೆ. ಹೀಗೆ ಹತ್ತಿ ಹತ್ತಿ ಸಮುದ್ರ ಮಟ್ಟದಿಂದ 406 ಮೀಟರ್ ಮೇಲೆ ಬಂದು, ಆಮೇಲೆ ಹಾಗೇ ಇಳಿಯೋದು. ತೊಟ್ಟಿಯ ಅಗಲ 12 ಮೀಟರ್, ಹಡಗಿನದು ಹನ್ನೊಂದೂವರೆಗೆ ಚೂರು ಕಡಿಮೆ. ಒಂದೊಂದು ಕಡೆ ಒಂದು ಗೇಣು ಜಾಗ! ಕಿಟಕಿಯಿಂದ ಕೈ ಚಾಚಿ ಆ ಗೋಡೆ ಮುಟ್ಟಿದೆ. ತಣ್ಣಗೆ, ಜಿನುಗುತ್ತಾ, ಪಾಚಿ ಹಿಡಿದು, ಥೇಟ್ ನಮ್ಮಜ್ಜಿ ಮನೆಯ ಬಾವಿಯ ಒಳಗೋಡೆ. ಕೈ ತೆಗಿ ಅಂತ ಹೆಂಡತಿ ಬೈದಳು.

ಹಡಗಿನಲ್ಲಿ ಅರವತ್ತು ದಾಟಿದ ನಾನೇ ಚಿಕ್ಕ ಹುಡುಗ. ರಾತ್ರಿ ಒಂಬತ್ತೂವರೆಗೆ ಎಲ್ಲ ದೀಪ ಆರಿ, ಗೊರಕೆ ಬಿಟ್ಟರೆ ಬೇರೆ ಸದ್ದಿಲ್ಲ.

“ಇನ್ನು ಹಬ್ಬಕ್ಕೆ ಬಾ,” ಬ್ಯಾಂಕಿಗೆ ಅವಸರ. “ಅಕ್ಟೋಬರ್ ಎರಡನೇ ವಾರಕ್ಕೆ ಟಿಕೆಟ್ ನೋಡಿದ್ದೀನಿ.”

ಮೇಷ್ಟ್ರು ನಕ್ಕರು. “ಅಷ್ಟೊತ್ತಿಗೆ ಡೇರೆ ಬಿಚ್ಚುತ್ತಿರುತ್ತಾರೆ ಕಣಯ್ಯ. ಹೆಸರು ಅಕ್ಟೋಬರ್, ಹಬ್ಬ ಶುರುವಾಗೋದು ಸೆಪ್ಟೆಂಬರ್ ಮಧ್ಯಕ್ಕೆ. ಅಕ್ಟೋಬರ್ ಮೊದಲ ವಾರದೊಳಗೆ ಮುಗಿದೇ ಹೋಗುತ್ತೆ. ಚಳಿಗೆ ಹೆದರಿ ಹಿಂದಕ್ಕೆ ತಂದರು. ಮೊದಲ ಸಲ ನಡೆದಿದ್ದು ಮಾತ್ರ ಅಕ್ಟೋಬರಿನಲ್ಲೇ, 1810. ಆ ಸೀಮೆಯ, ಅಂದರೆ ಬವೇರಿಯಾದ ಯುವರಾಜ ಲುಡ್ವಿಗ್‌ನ ಮದುವೆ. ಊರಿನ ಹೊರಗೆ ಕುದುರೆ ಓಟ ಇಟ್ಟರು. ಆ ಮೈದಾನಕ್ಕೆ ಮದುಮಗಳು ತೆರೇಸಳ ಹೆಸರು. ಈಗಲೂ ಹಬ್ಬ ಅಲ್ಲೇ.”

“ಹೆಂಡತಿ ಹೆಸರಿಗೆ ಮೈದಾನ! ಕೇಳಿಸಿಕೊಂಡ್ರಾ?” ಅತ್ತಿಗೆ ಗಂಡನ ಕಡೆ ತಿರುಗಿದರು.

“ಪೂರ್ತಿ ಕೇಳಮ್ಮ. ಅದೇ ಲುಡ್ವಿಗ್ ರಾಜನಾದ ಮೇಲೆ ಮೈನ್ ಮತ್ತು ಡ್ಯಾನ್ಯೂಬ್ ನದಿ ಸೇರಿಸಲು ಕಾಲುವೆ ತೋಡಿಸಿದ. 1846ಕ್ಕೆ ಮುಗೀತು. ಅಂಥ ತೊಟ್ಟಿ ಸುಮಾರು ನೂರು! ಅಷ್ಟರಲ್ಲಿ ರೈಲು ಬಂತು, ಕಾಲುವೆ ಬಡವಾಯಿತು. ಇವನ ಹಡಗು ಹೋಗಿದ್ದು 1992ರಲ್ಲಿ ತೆರೆದ ಹೊಸದರಲ್ಲಿ. ನಿನ್ನ ಪ್ಯಾಕೇಜು ಇದೆಯಲ್ಲ ಬ್ಯಾಂಕು, ಕಾಲುವೆ, ಬಿಯರು ಎರಡೂ ಒಬ್ಬನೇ ಮದುಮಗನ ಕನಸು.”

“ಆಮೇಲೆ ಸುಖವಾಗಿದ್ದರಾ?”

“1848ರಲ್ಲಿ ಲೋಲಾ ಮಾಂಟೆಜ್ ಅನ್ನೋ ನರ್ತಕಿಯ ಗಲಾಟೆಯೂ ಸೇರಿಕೊಂಡು ಸಿಂಹಾಸನ ಬಿಟ್ಟ.”

“ಮೈದಾನ ಕೊಟ್ಟಾಗಲೇ ನನಗೆ ಅನುಮಾನ ಬಂತು,” ಅಂದರು ಅತ್ತಿಗೆ.

ನಮ್ಮ ಬಸ್ಸು ಮೈದಾನ ತಲುಪಿದಾಗ ಹನ್ನೊಂದು. ಶನಿವಾರ ಬೇರೆ. ಮೂರು ಲೀಟರಿಗಿಂತ ದೊಡ್ಡ ಚೀಲ ಒಳಗೆ ಬಿಡಲ್ಲ ಅಂದರು. ಹೆಂಡತಿಯ ಚೀಲ, ಅದರೊಳಗಿನ ಚಟ್ನಿಪುಡಿ ಸಮೇತ, ಬಸ್ಸಿಗೆ ವಾಪಸ್. ಮೈದಾನಕ್ಕೂ ಡೇರೆಗೂ ಟಿಕೆಟ್ ಇಲ್ಲ, ಪುಕ್ಕಟೆ. ಆದರೆ ಒಳಗೆ ಕೂರಲು ಜಾಗ ಸಿಗದಿದ್ದರೆ ಬಿಯರೂ ಇಲ್ಲ. ನಮಗೆ ಟೇಬಲ್ ಬುಕ್ ಆಗಿದೆ ಅಂತ ಕಾಗದದಲ್ಲಿತ್ತು. ಕಾಗದದಲ್ಲಿ ಮಾತ್ರ ಇತ್ತು. ಒಂದೂವರೆ ಗಂಟೆ ನಿಂತೆವು. ಕೊನೆಗೆ ಚರ್ಮದ ಚಡ್ಡಿ ಹಾಕಿದ್ದ ಒಬ್ಬ ತಾತ ಪಾಪ ಅಂತ ಬೆಂಚಿನಲ್ಲಿ ಸರಿದು ಕೂತ. ಬಸ್ ಸ್ಟ್ಯಾಂಡಿನಲ್ಲಿ ನಾವು ಸರಿಯುತ್ತೀವಲ್ಲ, ಹಾಗೇ.

ಒಳಗೆ ಜಾತ್ರೆ. ಬ್ಯಾಂಡಿನವರು, ಬೆಂಚಿನ ಮೇಲೆ ನಿಂತು ಹಾಡುವವರು. ಎರಡು ಕೈಯಲ್ಲಿ ಹತ್ತು ಮಗ್ಗು ಹಿಡಿದು ನುಗ್ಗಿ ಬರುವ ಹೆಂಗಸಿಗೆ ದಾರಿ ಬಿಡದಿದ್ದರೆ ನಿಮ್ಮ ಹಣೆಬರಹ. ನಾಲ್ಕಕ್ಕೆ ಬಸ್ಸು ಹೊರಟಿತು. ಒಂಬತ್ತೂವರೆಗೆ ಮಲಗುವ ಜನರನ್ನು ಮೂರು ಗಂಟೆ ತೇರಿನ ಬೀದಿಯಲ್ಲಿ ಬಿಟ್ಟು ಎತ್ತಿಕೊಂಡು ಹೋದ ಹಾಗಾಯಿತು. ಎರಡೂ ಚೆನ್ನಾಗಿವೆ ಕಣ್ರೀ. ಜೋಡಿ ಮಾತ್ರ ಕೂಡಿ ಬರಲ್ಲ.

“ನನಗೆ ತಿನ್ನೋಕೆ?” ಅತ್ತಿಗೆಯ ಪ್ರಶ್ನೆ.

“ತಟ್ಟೆಯಗಲದ ಪ್ರೆಟ್ಜೆಲ್. ಸುರುಳಿಯಾಗಿ ಕೊಯ್ದು ಉಪ್ಪು ಹಾಕಿದ ಮೂಲಂಗಿ. ಒಬಾಟ್ಸ್ದಾ ಅಂತ ಒಂದು ಚೀಸು, ಈರುಳ್ಳಿ, ಪ್ಯಾಪ್ರಿಕಾ ಅನ್ನೋ ಕೆಂಪು ಮೆಣಸಿನ ಪುಡಿ ಕಲಸಿರುತ್ತಾರೆ. ಅದರಲ್ಲೂ ಸಾಮಾನ್ಯವಾಗಿ ಸ್ವಲ್ಪ ಬಿಯರು ಇರುತ್ತೆ.”

“ಮೂಲಂಗಿ ಸಾಕು.”

“ರೇಟು?” ಬ್ಯಾಂಕು ಎಚ್ಚರವಾದ.

“2025ರಲ್ಲಿ ಒಂದು ಮಗ್ಗಿಗೆ 14.50ರಿಂದ 15.80 ಯೂರೋ. ಸಾವಿರದೈನೂರು ರೂಪಾಯಿ ಅಂತಿಟ್ಟುಕೋ. ಮ್ಯೂನಿಕ್‌ನದೇ ಆರು ಕಂಪನಿಗಳ ಬಿಯರು ಬಿಟ್ಟು ಬೇರೆಯದಕ್ಕೆ ಪ್ರವೇಶವಿಲ್ಲ. ಅಳತೆ ಒಂದೇ, ಒಂದು ಲೀಟರ್. ಮಗ್ಗಿನ ಗಾಜಿನಲ್ಲೇ ಗೆರೆ ಇರುತ್ತೆ. ಬಿಯರು ಗೆರೆ ಮುಟ್ಟಬೇಕು, ನೊರೆ ಅದರ ಮೇಲೆ. ಕಡಿಮೆ ಸುರಿದು ಮೋಸ ಮಾಡೋದರ ವಿರುದ್ಧ ಮ್ಯೂನಿಕ್‌ನಲ್ಲಿ ಒಂದು ಸಂಘವೇ ಇದೆ.”

“ಸಂಘ?” ಬ್ಯಾಂಕಿನ ಕಣ್ಣು ಅರಳಿತು. ಇಡೀ ಯುರೋಪಿನಲ್ಲಿ ಅವನಿಗೆ ಮೊದಲು ಹಿಡಿಸಿದ್ದು ಇದೇ ಅಂತ ಕಾಣುತ್ತೆ.

“ಅಲ್ಲಯ್ಯ, ನದಿ, ಬಿಯರು ಎರಡೂ ಒಟ್ಟಿಗೆ ಬೇಕಾದರೆ ತೆಪ್ಪ ಹತ್ತಿ,” ಅಂದರು ಮೇಷ್ಟ್ರು. “ವೋಲ್ಫ್‌ರಾಟ್ಸ್‌ಹೌಸನ್‌ನಿಂದ ಮ್ಯೂನಿಕ್‌ವರೆಗೆ ಈಸಾರ್ ಮೇಲೆ ಮರದ ದಿಮ್ಮಿಯ ತೆಪ್ಪ ಹೋಗುತ್ತೆ. ಅದರ ಮೇಲೇ ಬಿಯರ್ ಪೀಪಾಯಿ, ಬ್ಯಾಂಡು. ಅಣೆಕಟ್ಟು ಬಂದ ಕಡೆ ಜಾರುಬಂಡೆ, ಸುಯ್ ಅಂತ ಇಳಿಯೋದು. ಊರು ತಲುಪಿದ ಮೇಲೆ ದಿಮ್ಮಿ ಬಿಚ್ಚಿ ಲಾರಿಯಲ್ಲಿ ವಾಪಸ್ ಸಾಗಿಸುತ್ತಾರೆ.”

“ದಿಮ್ಮಿಗಾದರೆ ಲಾರಿ, ನನಗೆ ಬಸ್ಸು,” ಅಂದೆ.

ಬ್ಯಾಂಕು ಈಗ ನಮ್ಮ ಮಾತು ಕೇಳುತ್ತಿರಲಿಲ್ಲ. ಆಗ ತಾನೇ ಬಂದ ಎರಡನೇ ರೌಂಡಿನ ಬೈಟು ಕಾಫಿಯ ಲೋಟ ಎತ್ತಿ, ಬೆಳಕಿಗೆ ಹಿಡಿದು, ತಲೆ ವಾರೆ ಮಾಡಿ ನೋಡುತ್ತಿದ್ದ. ನೊರೆಯನ್ನು ಉಫ್ ಅಂತ ಊದಿ ಪಕ್ಕಕ್ಕೆ ಸರಿಸಿದ. ಆಮೇಲೆ ಕೌಂಟರಿನ ಕಡೆ ಹೊರಟ.

“ರೀ, ಬೇಡ್ರೀ,” ಅಂದರು ಅತ್ತಿಗೆ.