ಅಪ್‌ಡೇಟ್: ಡಿವಿಡಿಯಿಂದ ತೆರೆಯದ ಎಸ್‌ಕ್ಯೂಲೈಟ್ ಫೈಲ್, ಕಾರಣ ಸಿಕ್ಕಿತು

ಪ್ರಶ್ನೆ ಇದಾಗಿತ್ತು: ಹಾರ್ಡ್ ಡಿಸ್ಕ್‌ನಲ್ಲಿ ಸರಿಯಾಗಿ ಓಡುವ ಎಸ್‌ಕ್ಯೂಲೈಟ್ (ಡೇಟಾಬೇಸ್ ಅನ್ನು ಒಂದೇ ಫೈಲ್‌ನಲ್ಲಿಡುವ ತಂತ್ರಾಂಶ) ಡೇಟಾಬೇಸ್, ಡಿವಿಡಿಗೆ ಬರೆದ ಮೇಲೆ ಮೊದಲ ಸೆಲೆಕ್ಟ್‌ಗೇ (ಡೇಟಾ ಓದುವ ಆಜ್ಞೆ) ದೋಷ 14 (ಫೈಲ್ ತೆರೆಯಲಾಗುತ್ತಿಲ್ಲ) ಕೊಡುತ್ತದೆ, ಏಕೆ?

ಡಿಸ್ಕ್ ಕೆಟ್ಟಿರಲಿಲ್ಲ, ಎರಡೂ ಪ್ರತಿಗಳ ಚೆಕ್‌ಸಮ್ (ಫೈಲ್‌ಗಳು ಒಂದೇ ಎಂದು ತಿಳಿಯಲು ಲೆಕ್ಕಹಾಕುವ ಸಂಖ್ಯೆ) ಒಂದೇ. ಫೈಲ್ ಡಬ್ಲ್ಯೂಎಎಲ್ ಮೋಡ್‌ನಲ್ಲಿತ್ತು (ಬದಲಾವಣೆಗಳನ್ನು ಮೊದಲು ಪಕ್ಕದ ಲಾಗ್ ಫೈಲ್‌ಗೆ ಬರೆಯುವ ವಿಧಾನ), ಅಷ್ಟೇ. ಈ ಮೋಡ್‌ನಲ್ಲಿ ಬರೀ ಓದುವುದಕ್ಕೂ ಪಕ್ಕದಲ್ಲಿ -ವಾಲ್ (ಆ ಲಾಗ್), -ಎಸ್‌ಎಚ್‌ಎಂ (ಅದರ ಸೂಚಿ) ಫೈಲ್‌ಗಳು ಬೇಕು. ಡಿವಿಡಿಯ ಮೇಲೆ ಅವನ್ನು ಸೃಷ್ಟಿಸಲು ಆಗದು. ಡೇಟಾಬೇಸ್ ಫೈಲ್‌ನ ಆರಂಭದಲ್ಲಿರುವ ಹೆಡರ್‌ನ 18 ಮತ್ತು 19ನೇ ಬೈಟ್ (0ಯಿಂದ ಎಣಿಸಿ) 2 ಆಗಿದ್ದರೆ ಇದೇ ತೊಂದರೆ, 1 ಇರಬೇಕು.

ಪರಿಹಾರ: ಮೂಲ ಫೈಲ್ ಮೇಲೆ, ಬೇರೆ ಎಲ್ಲ ಪ್ರೋಗ್ರಾಂ ಮುಚ್ಚಿ, ಡಬ್ಲ್ಯೂಎಎಲ್ ಮೋಡ್ ಬಿಡಿಸುವ ಆಜ್ಞೆ ‘ಪ್ರಾಗ್ಮಾ ಜರ್ನಲ್_ಮೋಡ್=ಡಿಲೀಟ್’ ಕೊಡಿ. ಉತ್ತರ ‘ಡಿಲೀಟ್’ ಎಂದೇ ಬರಬೇಕು. ‘ಲಾಕ್ಡ್’ ಎಂದರೆ ಇನ್ನೂ ಯಾರೋ ತೆರೆದಿಟ್ಟಿದ್ದಾರೆ. ಆಮೇಲೆ ವ್ಯಾಕ್ಯೂಮ್ (ಖಾಲಿ ಜಾಗ ತೆಗೆದು ಫೈಲನ್ನು ಮತ್ತೆ ಬರೆಯುವ ಆಜ್ಞೆ), ನಂತರ ಡಿವಿಡಿಗೆ ಬರ್ನ್. ಈ ಹಂತ ಬಿಟ್ಟು ಮುಖ್ಯ ಫೈಲ್ ಒಂದನ್ನೇ ನಕಲಿಸಿದರೆ, -ವಾಲ್‌ನಲ್ಲೇ ಉಳಿದ ಇತ್ತೀಚಿನ ಸಾಲುಗಳು ಸದ್ದಿಲ್ಲದೆ ಕಾಣೆಯಾಗುತ್ತವೆ. ದೋಷ 14ಕ್ಕಿಂತ ಇದೇ ಹೆಚ್ಚು ಅಪಾಯ.

ಈಗಾಗಲೇ ಬರೆದ ಡಿಸ್ಕ್ ಆದರೆ ಯುಆರ್‌ಐಗೆ (ಫೈಲ್ ತೆರೆಯಲು ಕೊಡುವ ವಿಳಾಸ) ‘ಇಮ್ಯೂಟಬಲ್=1’ (ಫೈಲ್ ಬದಲಾಗದು ಎಂಬ ಸೂಚನೆ) ಸೇರಿಸಿ ತೆರೆಯಬಹುದು. ಬದಲಾಗುವ ಫೈಲ್‌ಗೆ ಮಾತ್ರ ಇದನ್ನು ಬಳಸಬೇಡಿ: ಲಾಕಿಂಗ್ (ಏಕಕಾಲದ ಬಳಕೆಯಲ್ಲಿ ಡೇಟಾ ಕಾಯುವ ವ್ಯವಸ್ಥೆ) ನಿಂತುಹೋಗಿ ತಪ್ಪು ಫಲಿತಾಂಶ ಬರಬಹುದು.